‘ನಕ್ಕೊ’ ಎಂದರೆ ತಪ್ಪೇನು?

ರಮಜಾನ್ ಹಬ್ಬ ಕಳೆದ ಮೇಲಿನ ಒಂದು ಭಾನುವಾರ. ಅತ್ತಿಬೆಲೆಯ ನಮ್ಮ ಮನೆಗೆ ತಮ್ಮನ ಸಂಸಾರ ಬಂದಿತ್ತು. ಊಟದ ಹೊತ್ತಿಗೆ ತಮ್ಮನ ಮಗಳು ಅಜ್ಜಿಯ ತಟ್ಟೆಗೆ ಇನ್ನೊಂದು ಸೌಟು ಕುಷ್ಕಾ ಬಡಿಸಲು ಹೋದಾಗ ನಮ್ಮ ತಾಯಿ ಕೈ ಅಡ್ಡ ಹಿಡಿದು, “ನಕ್ಕೊ ಬೇಟಾ, ಬಸ್” ಎಂದರು. ನಾಲ್ಕನೇ ತರಗತಿಯ ಆ ಹುಡುಗಿ ಸೌಟನ್ನು ಹಾಗೇ ಹಿಡಿದುಕೊಂಡು, “ದಾದಿ, ನಕ್ಕೊ ಅನ್ನಬಾರದು. ನಹೀಂ ಚಾಹಿಯೆ ಅನ್ನಬೇಕು. ನಮ್ಮ ಮಿಸ್ ಹೇಳಿದ್ದಾರೆ” ಎಂದಳು. ಎಲ್ಲರೂ ನಕ್ಕೆವು. ತಾಯಿಯೂ ನಕ್ಕರು. ಆದರೆ ಊಟ ಮುಗಿಯುವವರೆಗೂ ಆಕೆ ಬೇಕು ಬೇಡಗಳನ್ನೆಲ್ಲ ತಲೆಯಾಡಿಸಿಯೇ ಹೇಳಿದರು.

ಮಗು ಮಾಡಿದ್ದರಲ್ಲಿ ತಪ್ಪು ಹುಡುಕಲು ನಾವು ಹೊರಟಿಲ್ಲ. ಶಾಲೆಯ ಹಿಂದಿ ಪರೀಕ್ಷೆಯಲ್ಲಿ ‘ಮೈಂ ಬೋಲಿ’ ಎಂದು ಬರೆದು ಅರ್ಧ ಅಂಕ ಕಳೆದುಕೊಂಡ ಮಗು ಅದು. ತಾನು ಜಾರಿ ಬಿದ್ದ ಜಾಗದಲ್ಲಿ ಅಜ್ಜಿ ಬೀಳದಿರಲಿ ಎಂದು ಕೈ ಹಿಡಿಯಲು ಹೋಯಿತು, ಅಷ್ಟೆ. ನಮ್ಮನ್ನು ಕಾಡಿದ್ದು ಬೇರೆ. ಎಪ್ಪತ್ತು ದಾಟಿದ ಹೆಂಗಸೊಬ್ಬಳು ತನ್ನದೇ ಮನೆಯಲ್ಲಿ, ತನ್ನದೇ ತಟ್ಟೆಯ ಮುಂದೆ ಕುಳಿತು, ಬೇಡ ಎನ್ನಲು ಮಾತು ಹುಡುಕುವಂತಾಯಿತಲ್ಲ! ಒಬ್ಬರ ಬಾಯಿಯ ಮಾತನ್ನು ತಿದ್ದುವ ಹಕ್ಕು ಯಾರಿಗೆ, ಯಾವಾಗ, ಎಷ್ಟರಮಟ್ಟಿಗೆ ಇದೆ? ಇದು ವ್ಯಾಕರಣದ ಪ್ರಶ್ನೆ ಎಂದು ನಾವು ಬಹುಕಾಲ ನಂಬಿದ್ದೆವು. ಈಗ ಅದು ನ್ಯಾಯದ ಪ್ರಶ್ನೆಯೆಂದು ತೋರುತ್ತಿದೆ.

ನಮ್ಮ ಮನೆಮಾತಿಗೆ ದಖನಿ ಎಂದು ಹೆಸರು. ಹೆಸರಿದೆಯೆಂಬುದೇ ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ಕೇಳಿದರೆ ‘ಉರ್ದು’ ಎನ್ನುತ್ತೇವೆ. ಒತ್ತಿ ಕೇಳಿದರೆ ‘ನಮ್ಮದು ಹಾಳು ಉರ್ದು’ ಎಂದು ನಾವೇ ನಗುತ್ತೇವೆ. 2011ರ ಜನಗಣತಿಯಲ್ಲಿ ಕರ್ನಾಟಕದ ಸುಮಾರು 66 ಲಕ್ಷ ಜನ ಉರ್ದುವನ್ನು ತಾಯ್ನುಡಿಯೆಂದು ಬರೆಸಿದ್ದಾರೆ. ದಖನಿಗೆ ಆ ಪಟ್ಟಿಯಲ್ಲಿ ಬೇರೆ ಸಾಲಿಲ್ಲ. ಶಾಲೆಯ ಅರ್ಜಿಯಲ್ಲಿ ‘ಮಾತೃಭಾಷೆ’ ಎಂಬ ಕಲಮಿನ ಮುಂದೆ ನಾವು ಉರ್ದು ಎಂದು ಬರೆಯುವಾಗ ಸುಳ್ಳು ಹೇಳುತ್ತಿಲ್ಲ. ಪೂರ್ತಿ ನಿಜವನ್ನೂ ಹೇಳುತ್ತಿಲ್ಲ.

ಈ ಹಾಳು ಉರ್ದುವಿನಲ್ಲಿ ಏನಿದೆ ಎಂದು ಸ್ವಲ್ಪ ನೋಡೋಣ. ‘ಬರುತ್ತೇನೆ ಅಂತ ಹೇಳಿದ’ ಎಂದು ಕನ್ನಡದಲ್ಲಿ ಹೇಳುತ್ತೇವೆ. ಆಡಿದ ಮಾತು ಮೊದಲು, ‘ಅಂತ’ ಆಮೇಲೆ. ಲಖನೌದ ಉರ್ದುವಿನಲ್ಲಿ ‘ಉಸ್‌ನೇ ಕಹಾ ಕಿ...’ ಎಂದು ಶುರುಮಾಡಿ, ಆಡಿದ ಮಾತನ್ನು ಕೊನೆಗಿಡಬೇಕು. ನಮ್ಮ ತಾಯಿ ‘ಆತೂಂ ಬೋಲ್ಕೆ ಬೋಲ್ಯಾ’ ಎನ್ನುತ್ತಾರೆ. ‘ಬೋಲ್ಕೆ’ ಎಂಬುದು ಕನ್ನಡದ ‘ಅಂತ’ ಕೂರುವ ಜಾಗದಲ್ಲೇ ಕೂತಿದೆ. ‘ಬಂದನಂತೆ’ ಎಂಬಲ್ಲಿ ಕನ್ನಡದ ‘ಅಂತೆ’ ಒಂದು ಸೂಕ್ಷ್ಮ ಕೆಲಸ ಮಾಡುತ್ತದೆ: ನಾನು ಕಣ್ಣಾರೆ ಕಂಡಿಲ್ಲ, ಕೇಳಿದ್ದು ಹೇಳುತ್ತಿದ್ದೇನೆ ಎಂಬ ಜವಾಬ್ದಾರಿಯನ್ನು ಒಂದೇ ಪ್ರತ್ಯಯದಲ್ಲಿ ಒಪ್ಪಿಕೊಳ್ಳುತ್ತದೆ. ದಖನಿಯಲ್ಲಿ ಅದಕ್ಕೆ ‘ಆಯಾ ಕತೆ’. ಇದನ್ನು ಅಚ್ಚುಕಟ್ಟಾದ ಉರ್ದುವಿಗೆ ತರಬೇಕಾದರೆ ‘ಸುನಾ ಹೈ ಕಿ’ ಎಂದು ಬೇರೆಯೇ ವಾಕ್ಯ ಕಟ್ಟಬೇಕು. ‘ನಕ್ಕೊ’ ಬಂದದ್ದು ಮರಾಠಿಯಿಂದ. ಅಂದರೆ ಇದು ಉರ್ದುವನ್ನು ಕಲಿಯಲಾರದವರ ತೊದಲಲ್ಲ. ಶತಮಾನಗಳ ಕಾಲ ಕನ್ನಡ, ತೆಲುಗು, ಮರಾಠಿಯವರ ಅಕ್ಕಪಕ್ಕ ಬಾಳಿದ ಜನರ ನಾಲಗೆಯ ಮೇಲೆ ಉಳಿದ ನೆರೆಹೊರೆಯ ಗುರುತು. ನಮ್ಮ ತಾಯಿಗೆ ಕನ್ನಡ ಓದಲು ಬರುವುದಿಲ್ಲ. ಆದರೆ ಆಕೆಯ ವಾಕ್ಯದ ಬೆನ್ನುಮೂಳೆ ಕನ್ನಡದ್ದು!

ಉಚ್ಚಾರಣೆಯ ವಿಷಯವೂ ಹೀಗೆಯೇ. ದಖನಿಯವರು ‘ಕಬರ್’ ಎನ್ನಬೇಕಾದಲ್ಲಿ ‘ಖಬರ್’ ಎನ್ನುತ್ತಾರೆ, ಗೋರಿಗೂ ಸುದ್ದಿಗೂ ವ್ಯತ್ಯಾಸ ಗೊತ್ತಿಲ್ಲ ಎಂಬುದು ಉತ್ತರದವರ ಹಳೆಯ ಹಾಸ್ಯ. ಅದೇ ದಖನಿ ಮಕ್ಕಳು ಬೆಳಿಗ್ಗೆ ಮದ್ರಸಾದಲ್ಲಿ ಕುರ್‌ಆನ್ ಓದುವಾಗ ಗಂಟಲ ತಳದಿಂದ ‘ಕಾಫ್’ ಅಕ್ಷರವನ್ನು ಸರಿಯಾಗಿಯೇ ಹೊರಡಿಸುತ್ತಾರೆ. ಮನೆಗೆ ಬಂದು ಮತ್ತೆ ‘ಖ’ ಎನ್ನುತ್ತಾರೆ. ನಾಲಗೆಗೆ ಬಾರದ್ದೇನಲ್ಲ, ಅದು ಮನೆಯ ರೂಢಿ.

ಈ ರೂಢಿಗೆ ವಂಶಾವಳಿಯೂ ಇದೆ. ಹದಿನೈದನೇ ಶತಮಾನದ ಬೀದರಿನಲ್ಲಿ ಫಖ್ರ್ ದೀನ್ ನಿಜಾಮಿ ‘ಕದಮ್ ರಾವ್ ಪದಮ್ ರಾವ್’ ಎಂಬ ಕಥನಕಾವ್ಯ ಬರೆದದ್ದು ಈ ಭಾಷೆಯಲ್ಲಿ. ಬಿಜಾಪುರದ ಎರಡನೇ ಇಬ್ರಾಹೀಂ ಆದಿಲ್ ಶಾಹ್ ‘ಕಿತಾಬೆ ನವರಸ್’ ರಚಿಸಿದ್ದು, ನುಸ್ರತಿ ‘ಅಲಿ ನಾಮಾ’ ಬರೆದದ್ದು, 1635ರಲ್ಲಿ ಗೋಲ್ಕೊಂಡದ ಮುಲ್ಲಾ ವಜ್ಹಿ ‘ಸಬ್ ರಸ್’ ಎಂಬ ಗದ್ಯ ಬರೆದದ್ದು ಇದರಲ್ಲೇ. 1638ರಲ್ಲಿ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್ ಬೆಂಗಳೂರನ್ನು ಗೆದ್ದಾಗ ಆ ಸೈನ್ಯದ ಜೊತೆ ಈ ಮಾತೂ ನಮ್ಮ ಸೀಮೆಗೆ ಬಂದಿತ್ತು. ದಿಲ್ಲಿಯ ಕವಿಗಳು ಫಾರಸಿಯಲ್ಲೇ ಬರೆಯುವುದು ಘನತೆ ಎಂದುಕೊಂಡಿದ್ದ ಕಾಲದಲ್ಲಿ ದಖನಿನ ಸುಲ್ತಾನರೂ ಸೂಫಿಗಳೂ ಜನರ ಮಾತಿನಲ್ಲಿ ಬರೆದರು. 1686ರಲ್ಲಿ ಬಿಜಾಪುರ, ಮರುವರ್ಷ ಗೋಲ್ಕೊಂಡ ಔರಂಗಜೇಬನ ಪಾಲಾದವು. ಸುಮಾರು 1700ರಲ್ಲಿ ವಲಿ ದಖನಿ ದಿಲ್ಲಿಗೆ ಹೋದ. ಅವನ ಗಜಲುಗಳನ್ನು ಕೇಳಿ ಅಲ್ಲಿನವರು ನಾವೂ ಹೀಗೆ ಬರೆಯಬಹುದಲ್ಲ ಎಂದು ಹೊರಟರು. ಬರೆಯಲು ಕಲಿತ ಮೇಲೆ ಕಲಿಸಿದವನ ಶಬ್ದಗಳನ್ನು ಆರಿಸಿ ತೆಗೆದರು. ಹದಿನೆಂಟನೇ ಶತಮಾನದ ನಡುವಿನಲ್ಲಿ ಶಾಹ್ ಹಾತಿಮ್ ತನ್ನದೇ ಹಳೆಯ ಪದ್ಯಗಳನ್ನು ಜರಡಿ ಹಿಡಿದು ‘ದೀವಾನ್‌ಜಾದಾ’ ಮಾಡಿದ. ತಿದ್ದುವಿಕೆ ಅಂದು ಶುರುವಾದದ್ದು ಈಗ ನಮ್ಮ ಊಟದ ದಸ್ತರ್‌ಖಾನಿನ ತನಕ ಬಂದಿದೆ.

ಈ ಕತೆ ನಮ್ಮೊಬ್ಬರದೇ ಎಂದುಕೊಂಡಿದ್ದೆವು. ಹಾಗಲ್ಲ ಎಂದು ತಿಳಿದದ್ದು ಬೆಲ್ಜಿಯಂ ದೇಶದ ಉತ್ತರಾರ್ಧದಲ್ಲಿ ಬಾಳುವ ಫ್ಲೆಮಿಶ್ ಜನರ ಬಗ್ಗೆ ಓದಿದಾಗ. ಅಲ್ಲಿನ ಅರುವತ್ತು ಲಕ್ಷಕ್ಕೂ ಹೆಚ್ಚು ಜನ ಆಡುವುದು ಡಚ್ ಭಾಷೆಯ ಒಂದು ರೂಪ. ಅದರೊಳಗೂ ಪಶ್ಚಿಮ ಫ್ಲೆಮಿಶ್, ಪೂರ್ವ ಫ್ಲೆಮಿಶ್, ಬ್ರಬಾಂತ್, ಲಿಂಬುರ್ಗ್ ಎಂದು ಸೀಮೆಗೊಂದು ನುಡಿ. ಡಚ್ ಸಾಹಿತ್ಯ ಮೊದಲು ಅರಳಿದ್ದು ಈ ದಕ್ಷಿಣದ ನಾಡಿನಲ್ಲೇ. ಹದಿಮೂರನೇ ಶತಮಾನದ ಯಾಕೊಬ್ ಫಾನ್ ಮಾರ್ಲಾಂತ್ ಅಲ್ಲಿಯವನು. 1585ರಲ್ಲಿ ಆಂಟ್‌ವರ್ಪ್ ನಗರ ಸ್ಪೇನಿನ ಸೈನ್ಯಕ್ಕೆ ಸೋತಿತು. ವರ್ತಕರು, ಮುದ್ರಕರು, ವಿದ್ವಾಂಸರು ಸಾವಿರಾರು ಸಂಖ್ಯೆಯಲ್ಲಿ ಉತ್ತರದ ಹಾಲೆಂಡಿಗೆ ಹೋದರು. 1637ರಲ್ಲಿ ಅಲ್ಲಿ ಬೈಬಲಿನ ಅಧಿಕೃತ ಅನುವಾದ ಅಚ್ಚಾಯಿತು. ‘ಸರಿಯಾದ ಡಚ್’ ಉತ್ತರದ್ದಾಯಿತು. ಮೂಲದಲ್ಲಿದ್ದವರ ಮಾತು ಅಡುಗೆಮನೆ ಸೇರಿತು. ಆಂಟ್‌ವರ್ಪ್ ಬಿದ್ದ 101 ವರ್ಷಕ್ಕೆ ಬಿಜಾಪುರ ಬಿದ್ದಿದೆ! ಪೇಟೆ ಬಿದ್ದರೆ ಮಾತೂ ಬೀಳುತ್ತದೆ ಎಂಬುದಕ್ಕೆ ಇನ್ನೇನು ಬೇಕು? ಯಾವುದು ಶುದ್ಧ, ಯಾವುದು ಅಶುದ್ಧ ಎಂದು ನಿರ್ಧರಿಸಿದ್ದು ಭಾಷೆಯ ಗುಣವಲ್ಲ, ಕೋಟೆಯ ಬಾಗಿಲು.

ಇನ್ನೊಂದು ಹೋಲಿಕೆ ನಮ್ಮನ್ನು ಬೆರಗುಗೊಳಿಸಿತು. ಫ್ಲೆಮಿಶ್ ಜನ ಮನೆಯಲ್ಲಿ ‘ನೀನು’ ಎನ್ನಲು ‘ಖೆಯ್’ ಎಂಬ ಹಳೆಯ ಪದ ಬಳಸುತ್ತಾರೆ. ಉತ್ತರದವರ ಕಿವಿಗೆ ಅದು ಹಳೆಯ ಬೈಬಲಿನ ಪದ. ನಮ್ಮ ತಾಯಿ ‘ನಮಗೆ’ ಎನ್ನಲು ‘ಹಮ್ನಾ’ ಎನ್ನುತ್ತಾರೆ. ಹಳೆಯ ದಖನಿ ಕಾವ್ಯಗಳಲ್ಲಿ ಆ ರೂಪ ಸಿಗುತ್ತದೆ. ವಿಶ್ವವಿದ್ಯಾಲಯದಲ್ಲಿ ಅದನ್ನು ಪ್ರಾಚೀನ ಪ್ರಯೋಗವೆಂದು ಟಿಪ್ಪಣಿ ಹಾಕಿ ಓದಿಸುತ್ತಾರೆ. ಮುದುಕಿಯ ಬಾಯಲ್ಲಿ ಬಂದರೆ ತಪ್ಪು ಎನ್ನುತ್ತಾರೆ.

ಇಲ್ಲಿಗೆ ನಿಲ್ಲಿಸಿದರೆ ಈ ಲೇಖನ ಸುಲಭವಾಗುತ್ತದೆ. ದಖನಿ ಜಿಂದಾಬಾದ್ ಎಂದು ಸಹಿ ಹಾಕಿ ಮಲಗಬಹುದು. ಆದರೆ ನ್ಯಾಯದ ಇನ್ನೊಂದು ಪಕ್ಷದವರ ಮಾತನ್ನೂ ಕೇಳಬೇಕು.

1830ರಲ್ಲಿ ಬೆಲ್ಜಿಯಂ ಸ್ವತಂತ್ರವಾದಾಗ ಆಡಳಿತ, ನ್ಯಾಯಾಲಯ, ಉನ್ನತ ಶಿಕ್ಷಣ ಎಲ್ಲ ಫ್ರೆಂಚಿನಲ್ಲಿ ನಡೆಯುತ್ತಿದ್ದವು. 1860ರಲ್ಲಿ ಇಬ್ಬರು ಫ್ಲೆಮಿಶ್ ಕಾರ್ಮಿಕರಿಗೆ ಕೊಲೆ ಆರೋಪದ ಮೇಲೆ ಮರಣದಂಡನೆಯಾಯಿತು. ವಿಚಾರಣೆ ನಡೆದದ್ದು ಫ್ರೆಂಚಿನಲ್ಲಿ. ಅವರು ಅಪರಾಧಿಗಳೋ ಅಲ್ಲವೋ ಎಂಬುದರ ಬಗ್ಗೆ ವಾದಗಳಿವೆ. ತನಗೆ ತಿಳಿಯದ ಮಾತಿನಲ್ಲಿ ಒಬ್ಬನ ಪ್ರಾಣದ ತೀರ್ಪು ಆಗಬಹುದೇ ಎಂಬ ಪ್ರಶ್ನೆ ಮಾತ್ರ ಉಳಿಯಿತು. 1873ರಲ್ಲಿ ಕ್ರಿಮಿನಲ್ ನ್ಯಾಯಾಲಯಗಳಲ್ಲಿ ಫ್ಲೆಮಿಶ್ ಜನರ ಭಾಷೆಗೆ ಅವಕಾಶ ಕೊಡುವ ಕಾನೂನು ಬಂತು. 1898ರಲ್ಲಿ ಕಾನೂನಿನ ಪಠ್ಯಕ್ಕೆ ಎರಡೂ ಭಾಷೆಗಳಲ್ಲಿ ಸಮಾನ ಮಾನ್ಯತೆ ಸಿಕ್ಕಿತು. ಘೆಂಟ್ ವಿಶ್ವವಿದ್ಯಾಲಯ ಡಚ್ ಮಾಧ್ಯಮಕ್ಕೆ ಬಂದದ್ದು 1930ರಲ್ಲಿ. ಈ ಹೋರಾಟದ ನಡುವೆ ಅವರಿಗೊಂದು ಕಷ್ಟದ ಪ್ರಶ್ನೆ ಎದುರಾಗಿತ್ತು. ನ್ಯಾಯಾಧೀಶ ಯಾವ ಫ್ಲೆಮಿಶ್ ಆಡಬೇಕು? ಪಶ್ಚಿಮದ್ದೋ, ಬ್ರಬಾಂತಿನದ್ದೋ? ಕವಿ ಗೀದೊ ಖೆಸೆಲ್ಲೆಯಂಥವರು ನಮ್ಮ ಸೀಮೆಯ ನುಡಿಯಿಂದಲೇ ಭಾಷೆ ಕಟ್ಟೋಣ ಎಂದರು. ಹೆಚ್ಚಿನವರು ಫ್ರೆಂಚಿನ ಎದುರು ನಿಲ್ಲಬೇಕಾದರೆ ಉತ್ತರದ ಡಚ್‌ನ ಬಲ ಬೇಕು ಎಂದು ಅದನ್ನೇ ಒಪ್ಪಿಕೊಂಡರು. ಅವರ ಲೆಕ್ಕ ತಪ್ಪಾಗಿರಲಿಲ್ಲ. ಪಶ್ಚಿಮ ಫ್ಲೆಮಿಶ್ ಒಂದನ್ನೇ ನಂಬಿಕೊಂಡಿದ್ದರೆ ಆ ಮಕ್ಕಳಿಗೆ ವಿಶ್ವವಿದ್ಯಾಲಯ ಸಿಗುತ್ತಿರಲಿಲ್ಲವೇನೋ.

ನಮ್ಮ ಹಿರಿಯರೂ ಇದೇ ಲೆಕ್ಕ ಹಾಕಿದ್ದರು. ಶಾಲೆಯಲ್ಲಿ ಉತ್ತರದ ಉರ್ದು ಕಲಿತಿದ್ದರಿಂದ ನಮಗೆ ಗಾಲಿಬ್ ಸಿಕ್ಕ, ಮಂಟೋ ಸಿಕ್ಕ, ಇಸ್ಮತ್ ಚುಗ್ತಾಯಿ ಸಿಕ್ಕರು. ಕನ್ನಡ ಶಾಲೆಗೆ ಹೋದದ್ದರಿಂದ ಕುವೆಂಪು ಸಿಕ್ಕರು, ಅನ್ನವೂ ಸಿಕ್ಕಿತು. ಎರಡೂ ಶಿಷ್ಟ ಭಾಷೆಗಳ ಏಣಿ ಹತ್ತಿ ಮೇಲೆ ಬಂದು ಕೂತ ನಾವು, ಕೆಳಗಿರುವ ಹುಡುಗಿಗೆ ‘ನೀನು ನಕ್ಕೊ ಎನ್ನುತ್ತಲೇ ಇರು, ಅದೆಷ್ಟು ಚೆಂದ’ ಎಂದರೆ ಅದು ಪ್ರೀತಿಯೋ ಮೋಸವೋ? ಬೊಮ್ಮಸಂದ್ರದ ಕಾರ್ಖಾನೆಯಲ್ಲಿ, ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯಲ್ಲಿ ಅವಳನ್ನು ಸಂದರ್ಶನಕ್ಕೆ ಕೂರಿಸುವವರು ದಖನಿಯ ಚೆಂದಕ್ಕೆ ಅಂಕ ಕೊಡುವುದಿಲ್ಲ. ಶಿಷ್ಟ ಭಾಷೆಯನ್ನು ಬಡವರ ಮಕ್ಕಳಿಂದ ದೂರ ಇಡುವುದು, ಅವರ ಮಾತನ್ನು ಹೀಗಳೆಯುವಷ್ಟೇ ದೊಡ್ಡ ಅನ್ಯಾಯ.

ಹಾಗಾದರೆ ತಪ್ಪು ಎಲ್ಲಿದೆ? ಫ್ಲೆಮಿಶ್ ಜನರು ಆ ಶಿಷ್ಟ ಭಾಷೆಗೆ ಇಟ್ಟುಕೊಂಡ ಹೆಸರಿನಲ್ಲಿ ಅದರ ಸುಳಿವಿದೆ. ‘ಸಾಮಾನ್ಯ ನಾಗರಿಕ ಡಚ್’ ಎಂಬುದು ಅದರ ಹೆಸರಾಗಿತ್ತು. 1960ರ ದಶಕದಲ್ಲಿ ಅಲ್ಲಿನ ಟಿವಿಯಲ್ಲಿ ಸರಿಯಾಗಿ ಮಾತಾಡುವುದನ್ನು ಕಲಿಸುವ ಪುಟ್ಟ ಕಾರ್ಯಕ್ರಮಗಳೇ ಬರುತ್ತಿದ್ದವು. ಆ ‘ನಾಗರಿಕ’ ಎಂಬ ವಿಶೇಷಣ ಗಮನಿಸಿ. ಒಂದು ಮಾತು ನಾಗರಿಕವಾದರೆ ಮನೆಯಲ್ಲಿ ಅಮ್ಮ ಆಡುವುದು ಏನಾಯಿತು? ನಂತರದ ವರ್ಷಗಳಲ್ಲಿ ಅವರೇ ನಾಚಿ ಆ ಪದವನ್ನು ಕೈಬಿಟ್ಟರು. ನಮ್ಮಲ್ಲಿ ‘ಸಾಫ್ ಉರ್ದು’ ಎನ್ನುತ್ತೇವೆ. ಸಾಫ್ ಎಂದರೆ ಸ್ವಚ್ಛ. ಹಾಗಾದರೆ ಉಳಿದದ್ದು ಕೊಳಕು ಎಂದಾಯಿತು. ಮಗುವಿಗೆ ಇನ್ನೊಂದು ಭಾಷೆ ಕಲಿಸಿದರೆ ಅದಕ್ಕೆ ಒಂದು ಕೋಣೆ ಹೆಚ್ಚು ಕೊಟ್ಟ ಹಾಗೆ. ಹಳೆಯ ಕೋಣೆ ಕೊಳಕು ಎಂದು ಹೇಳಿ ಕಲಿಸಿದರೆ, ಅಲ್ಲಿ ಕೂತಿರುವ ಅಮ್ಮನನ್ನೂ ಸೇರಿಸಿ ಬೀಗ ಹಾಕಿದ ಹಾಗೆ.

ಇದನ್ನು ಹೇಳುವ ಅಧಿಕಾರ ನಮಗೆ ಹೆಚ್ಚಿಲ್ಲ. ಇಪ್ಪತ್ತು ವರ್ಷಗಳ ಹಿಂದೆ ನಮ್ಮ ಮೊದಲ ಕತೆಗಳಲ್ಲೊಂದು ಅಚ್ಚಾದಾಗ ಹುರುಪಿನಿಂದ ತಾಯಿಗೆ ಓದಿ ಹೇಳಿದ್ದೆವು. ಅದರ ನಾಯಕ ಓದಿದವನು. ಒಳ್ಳೆಯ ಕನ್ನಡದಲ್ಲಿ ಯೋಚಿಸುತ್ತಾನೆ. ನಾಯಕಿ ಗಜಲಿನ ಉರ್ದುವಿನಲ್ಲಿ ದುಃಖಿಸುತ್ತಾಳೆ. ಕತೆಯಲ್ಲಿ ಒಬ್ಬ ಖಾಲಾ ಇದ್ದಳು. ಎಲೆ ಅಡಿಕೆ ಜಗಿಯುತ್ತ, ಊರ ಸುದ್ದಿ ಹೊತ್ತು ತರುವವಳು. ಅವಳಿಗೆ ಮಾತ್ರ ‘ಕೈಕು’, ‘ಹೌ’, ‘ನಕ್ಕೊ’ ಕೊಟ್ಟಿದ್ದೆವು. ಓದಿದ ಗೆಳೆಯರೆಲ್ಲ ಆ ಪಾತ್ರವನ್ನು ಮೆಚ್ಚಿ ನಕ್ಕಿದ್ದರು. ತಾಯಿ ಪೂರ್ತಿ ಕೇಳಿಸಿಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು, ದಖನಿಯಲ್ಲೇ ಕೇಳಿದರು: ಆ ಹೆಂಗಸು ನನ್ನ ಹಾಗೆ ಮಾತಾಡುತ್ತಾಳೆ, ಅದಕ್ಕೇ ನಗುತ್ತಾರಾ?

ಉತ್ತರ ಹೊಳೆಯಲಿಲ್ಲ. ಇವತ್ತಿಗೂ ಹೊಳೆದಿಲ್ಲ.

ಶಾಲೆಯ ಮೇಷ್ಟರು ಬೆತ್ತ ಹಿಡಿದು ತಿದ್ದುತ್ತಿದ್ದರು. ನಾವು ಪೆನ್ನು ಹಿಡಿದು ಅದಕ್ಕಿಂತ ಆಳಕ್ಕೆ ಹೊಡೆದೆವು. ದಖನಿಗೆ ನಗಿಸುವ ಅನುಮತಿ ಸದಾ ಇತ್ತು. 1965ರ ‘ಗುಮ್‌ನಾಮ್’ ಸಿನಿಮಾದಲ್ಲಿ ಮೆಹಮೂದ್ ಅದನ್ನು ಆಡಿದ್ದು ಅಡುಗೆಯವನಾಗಿ, ನಗೆಯ ಪಾತ್ರವಾಗಿ. ಮುಶಾಯಿರಾಗಳಲ್ಲಿಯೂ ದಖನಿಗೆ ಹಾಸ್ಯದ ಗಂಟೆ ಮೀಸಲು. ಗುಲಬರ್ಗಾದ ಸುಲೇಮಾನ್ ಖತೀಬರು ಅದೇ ನಗೆಯೊಳಗೆ ಬಡತನದ ನೋವನ್ನು ಇಟ್ಟು ಕೊಟ್ಟರು. ಜನ ನಗುತ್ತ ನಗುತ್ತ ಕಣ್ಣೊರೆಸಿಕೊಳ್ಳುವಂತೆ ಮಾಡಿದರು. ಆದರೂ ಅಳುವ, ಪ್ರಾರ್ಥಿಸುವ, ತತ್ವ ಹೇಳುವ ಅನುಮತಿ ಆ ಮಾತಿಗೆ ಸುಲಭಕ್ಕೆ ಸಿಗಲಿಲ್ಲ. ಒಂದು ಭಾಷೆಯನ್ನು ಕೊಲ್ಲಲು ನಿಷೇಧ ಬೇಕಿಲ್ಲ, ಅದಕ್ಕೆ ನಗೆಯೊಂದನ್ನೇ ಬಿಟ್ಟುಕೊಟ್ಟರೆ ಸಾಕು.

ಕನ್ನಡದಲ್ಲಿ ಈ ಬೀಗ ಬೇಗ ಒಡೆಯಿತು ಎಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು. ಬೇಂದ್ರೆ ಧಾರವಾಡದ ಮಾತಿನಲ್ಲಿ ಅಧ್ಯಾತ್ಮ ಹೇಳಿದರು. 1984ರಲ್ಲಿ ದೇವನೂರ ಮಹಾದೇವರ ‘ಕುಸುಮಬಾಲೆ’ ಬಂದಾಗ ನಂಜನಗೂಡು ಸೀಮೆಯ ದಲಿತರ ನುಡಿ ಕಾದಂಬರಿಯ ಮೂಲೆಯ ಪಾತ್ರವಾಗದೆ ಕಾದಂಬರಿಯೇ ಆಯಿತು. ಸಾರಾ ಅಬೂಬಕ್ಕರ್, ಬೊಳುವಾರು ಮಹಮದ್ ಕುಂಞಿ, ಫಕೀರ್ ಮುಹಮ್ಮದ್ ಕಟ್ಪಾಡಿ ಕರಾವಳಿ ಮುಸ್ಲಿಮರ ಮನೆಯೊಳಗಿನ ಬದುಕಿಗೆ ಕನ್ನಡದಲ್ಲಿ ಜಾಗ ಮಾಡಿದರು. 2025ರಲ್ಲಿ ಬಾನು ಮುಷ್ತಾಕ್ ಅವರ ಕತೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ, ಅನುವಾದಕಿ ದೀಪಾ ಭಾಸ್ತಿ ಆ ಕತೆಗಳ ಕನ್ನಡ, ಉರ್ದು ಪದಗಳನ್ನು ಇಂಗ್ಲಿಷಿನಲ್ಲೂ ಓರೆ ಅಕ್ಷರದಲ್ಲಿ ಬೇರೆ ಮಾಡದೆ ಹಾಗೇ ಬಿಟ್ಟಿದ್ದರು. ಮನೆಮಾತು ಅತಿಥಿಯ ಹಾಗೆ ಬಾಗಿಲಲ್ಲಿ ನಿಲ್ಲದೆ ನೇರ ಒಳಗೆ ಬಂದಿತ್ತು.

ಅತ್ತಿಬೆಲೆಯಂಥ ಊರಿನಲ್ಲಿ ಈ ಪ್ರಶ್ನೆಗೆ ಇನ್ನೊಂದು ಮಗ್ಗುಲಿದೆ. ಇದು ಗಡಿ ಊರು. ಗೇಟು ದಾಟಿದರೆ ತಮಿಳುನಾಡು. ಕೆಲವೇ ಕಿಲೋಮೀಟರು ಆಚೆಯ ಹೊಸೂರಿನಲ್ಲಿ ಕನ್ನಡ, ತೆಲುಗು ಮನೆಮಾತಿನವರು ತಮಿಳು ಬೋರ್ಡುಗಳ ಕೆಳಗೆ ವ್ಯಾಪಾರ ಮಾಡುತ್ತಾರೆ. ಹೊಲಗಳಿದ್ದಲ್ಲಿ ಲೇಔಟುಗಳೆದ್ದಿವೆ. ಬಿಹಾರ, ಒಡಿಶಾ, ಅಸ್ಸಾಮಿನಿಂದ ಬಂದ ಹುಡುಗರು ಶೆಡ್ಡುಗಳಲ್ಲಿ ಇದ್ದಾರೆ. ಅವರು ನಮ್ಮ ಅಂಗಡಿಯವರ ‘ನಕ್ಕೊ’ ಕೇಳಿ ಮೊದಲ ತಿಂಗಳು ನಗುತ್ತಾರೆ; ವರ್ಷ ಕಳೆಯುವಷ್ಟರಲ್ಲಿ ‘ಹೌ ಭಾಯ್’ ಎನ್ನುತ್ತಾರೆ. ಅತ್ತ ನಮ್ಮ ಹುಡುಗರು ಆ ಕೂಲಿಗಳು ತಡವರಿಸುತ್ತ ಆಡುವ ಕನ್ನಡವನ್ನು ಅಣಕಿಸಿ ನಗುತ್ತಾರೆ! ನಿನ್ನೆ ತಿದ್ದಿಸಿಕೊಂಡವರು ಇಂದು ತಿದ್ದುವವರು. ಅವಮಾನವನ್ನು ಉಂಡವನಿಗೆ ಅದರ ರುಚಿ ಗೊತ್ತಿರುತ್ತದೆ, ಆದ್ದರಿಂದ ಇನ್ನೊಬ್ಬರಿಗೆ ಬಡಿಸಲಾರ ಎಂದುಕೊಳ್ಳುವುದು ನಮ್ಮ ಭ್ರಮೆ.

ಫ್ಲಾಂಡರ್ಸ್‌ನಲ್ಲಿಯೂ ಹೀಗೇ ಆಗಿದೆ. ಅಲ್ಲಿ ಈಗ ಹಳೆಯ ಸೀಮೆನುಡಿಗಳು ತೆಳುವಾಗುತ್ತಿವೆ. ಶಿಷ್ಟ ಡಚ್ಚೂ ಅಲ್ಲದ, ಊರ ನುಡಿಯೂ ಅಲ್ಲದ ಒಂದು ನಡುನುಡಿ ಹರಡಿದೆ. 1989ರಲ್ಲಿ ಲೇಖಕ ಖೇರ್ತ್ ಫಾನ್ ಇಸ್ತೆಂದಾಲ್ ಅದಕ್ಕೊಂದು ತಿರಸ್ಕಾರದ ಹೆಸರಿಟ್ಟ. ನಮ್ಮ ಮಾತಿನಲ್ಲಿ ಹೇಳುವುದಾದರೆ ‘ಲೇಔಟ್ ಫ್ಲೆಮಿಶ್’. ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿಕೊಂಡವರ ಬೇರಿಲ್ಲದ ಭಾಷೆ ಎಂದು ಅದರ ಅರ್ಥ. ಒಂದು ಕಾಲಕ್ಕೆ ಫ್ರೆಂಚರಿಂದ, ಆಮೇಲೆ ಉತ್ತರದವರಿಂದ ಹಂಗಿಸಿಕೊಂಡ ನಾಡಿನವರೇ ತಮ್ಮ ಮಕ್ಕಳ ಮಾತನ್ನು ಹಂಗಿಸಿದರು. ಮಕ್ಕಳು ಕೇಳಲಿಲ್ಲ, ಆಡುತ್ತಲೇ ಇದ್ದಾರೆ. ಅತ್ತಿಬೆಲೆಯ ಲೇಔಟುಗಳಲ್ಲಿ ಬೆಳೆಯುತ್ತಿರುವ ಮಕ್ಕಳು ದಖನಿ, ಕನ್ನಡ, ತಮಿಳು, ಹಿಂದಿ, ಇಂಗ್ಲಿಷ್ ಬೆರೆಸಿ ಆಡುವ ಮಾತು ನಮ್ಮ ಕಿವಿಗೂ ಒರಟಾಗಿ ಕೇಳುತ್ತದೆ. ಆಗ ನಾಲಗೆ ಕಚ್ಚಿಕೊಳ್ಳುತ್ತೇವೆ. ನಾನೂರು ವರ್ಷಗಳ ಹಿಂದೆ ಬಿಜಾಪುರದ ಛಾವಣಿಯಲ್ಲಿ ದಖನಿ ಯಾರದೋ ಕಿವಿಗೆ ಹೀಗೇ ಕೇಳಿಸಿರಬೇಕು.

ನುಡಿಗಳ ವೈವಿಧ್ಯ ದೇವರ ಕುರುಹುಗಳಲ್ಲೊಂದು ಎಂದು ಕುರ್‌ಆನಿನ ಅರ್ರೂಮ್ ಅಧ್ಯಾಯ ತಿಳಿಸುತ್ತದೆ. ಇದನ್ನು ಜಲ್ಸಾಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಕೇಳುವಾಗ ಅರಬಿ, ಫಾರಸಿ, ಉರ್ದು ಎಂದು ದೊಡ್ಡ ಭಾಷೆಗಳನ್ನೇ ನೆನೆಯುತ್ತೇವೆ. ಜಲ್ಸಾದ ಪರದೆಯ ಆಚೆ ಕೂತು ಮಗುವಿಗೆ ‘ಚುಪ್ ಬೈಠ್ ರೇ’ ಎನ್ನುವ ತಾಯಿಯ ಮಾತೂ ಆ ಲೆಕ್ಕದಲ್ಲಿದೆ ಎಂದು ನಮಗೆ ಹೊಳೆಯುವುದಿಲ್ಲ.

ಕೊನೆಗೆ ನಾವು ಕಂಡುಕೊಂಡ ನಿಯಮ ತೀರಾ ಸಣ್ಣದು. ಕೇಳಿದವರಿಗೆ ಕಲಿಸು, ಹೇಳುತ್ತಿರುವವರನ್ನು ತಡೆಯಬೇಡ. ಪರೀಕ್ಷೆಗೆ ಕೂರುವ ಮಗುವನ್ನು ತಿದ್ದುವುದು ಕರ್ತವ್ಯ. ಹಸಿವು, ನೋವು, ಸಾಕು, ಬೇಡ ಎಂದು ಹೇಳುತ್ತಿರುವವರ ಮಾತನ್ನು ತಿದ್ದುವುದು ಅವರು ಹೇಳಿದ್ದನ್ನು ಕೇಳಿಸಿಕೊಳ್ಳದಿರುವ ಒಂದು ವಿಧಾನ. ತಿದ್ದುವ ಮೊದಲು ಅರ್ಥವಾಯಿತೇ ಎಂದು ನಮ್ಮನ್ನೇ ಕೇಳಿಕೊಳ್ಳಬೇಕು. ಅರ್ಥವಾಗಿದ್ದರೆ, ತಿದ್ದುತ್ತಿರುವುದು ಏತಕ್ಕೆ?

ಅಂದು ರಾತ್ರಿ ಕರೆಂಟು ಹೋಗಿತ್ತು. ಹುಡುಗಿ ಕತೆ ಹೇಳೆಂದು ಅಜ್ಜಿಯ ಪಕ್ಕ ಮಲಗಿದಳು. ತಾಯಿ ಮೊದಲು ಒಪ್ಪಲಿಲ್ಲ. ನನ್ನ ಮಾತು ನಿನ್ನ ಮಿಸ್‌ಗೆ ಆಗುವುದಿಲ್ಲ ಎಂದರು. ಆಮೇಲೆ ಶುರುಮಾಡಿದರು: “ಏಕ್ ರಾಜಾ ಥಾ ಕತೆ...” ಒಬ್ಬ ರಾಜ ಇದ್ದನಂತೆ. ಪ್ರತಿ ವಾಕ್ಯದ ಕೊನೆಗೂ ಆ ‘ಕತೆ’. ಅದಕ್ಕೂ ಕನ್ನಡದ ಕತೆಗೂ ಮೂಲದಲ್ಲಿ ಸಂಬಂಧವಿಲ್ಲ, ದನಿ ಮಾತ್ರ ಒಂದು. ಆದರೆ ನಾವು ಕತೆ ಹೇಳಲು ಕಲಿತದ್ದು ಈ ‘ಕತೆ’ಯಿಂದಲೇ ಎಂದು ಕತ್ತಲಲ್ಲಿ ಕೂತು ನೆನಪಾಯಿತು. ಹುಡುಗಿ ನಡುವೆ ಒಮ್ಮೆ ಬಾಯಿ ತೆರೆದಳು. ಮತ್ತೆ ತಿದ್ದುತ್ತಾಳೇನೋ ಎಂದು ನಮಗೆ ಎದೆ ಡವಗುಟ್ಟಿತು. “ಫಿರ್, ದಾದಿ?” ಎಂದಳು.

ಮರುದಿನ ಬೆಳಿಗ್ಗೆ ಅವಳನ್ನು ಕೂರಿಸಿಕೊಂಡು ‘ಮೈಂನೇ ಕಹಾ’ ಎಂದು ಹತ್ತು ಸಲ ಬರೆಸಿದೆವು. ಅದೂ ಬೇಕು.